ಬಳಚು

ಕಾಳಿ ಸೇತುವೆಯ ಕೆಳಗೆ ಬಳಚು ಹೆಕ್ಕುತ್ತಿದ್ದಾಗ
ತಾನೇ ಬುಟ್ಟಿ ಹತ್ತಿ ಕೂತು ಬಂದದ್ದು.
ಕೋಡಿಬಾಗಕ್ಕೆ ತಂದು ಸುರುವಿದರೆ
ಚಿಪ್ಪಿನ ರಾಶಿಯ ನಡುವೆ ಒಂದು ಸೀನು.
ಹೆಸರು ಹುಡುಕುವ ಕೆಲಸ ಉಳಿಯಿತು.

ಈಗ ಎರಡು ವರ್ಷ. ಒಂದು ಕಿವಿ ನೆಟ್ಟಗೆ,
ಇನ್ನೊಂದು ಇನ್ನೂ ಯೋಚಿಸುತ್ತಿದೆ.
ಎಡಗಾಲಿನ ಚಪ್ಪಲಿಯೇ ಆಗಬೇಕು ಅದಕ್ಕೆ,
ಬಲದ್ದನ್ನು ಮೂಸುವುದೂ ಇಲ್ಲ.
ರೊಜಾರಿನ್ ಬಾಯಿಯದ್ದು, ಮೀಟರ್ ಓದುವ ತಳೇಕರರದ್ದು,
ಒಮ್ಮೆ ಪಾದ್ರಿಗಳದ್ದೂ
ಗಾಳಿಮರದ ಬುಡದಲ್ಲಿ ಹೂತು ಮಲಗಿವೆ.
ಕ್ಷಮೆ ಕೇಳಲು ನಾನು ಹೋಗುತ್ತೇನೆ,
ಬಾಲ ಆಡಿಸಲು ಅದು ಬರುತ್ತದೆ.

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ನನಗೆ ರಾತ್ರಿಪಾಳಿ.
ದಿಮ್ಮಿ ಎಳೆದೆಳೆದು ಬೆಳಗಾಗುವಷ್ಟರಲ್ಲಿ
ಬೆರಳು ಯಾರದ್ದೋ ಅನಿಸುತ್ತದೆ,
ಕೀಲಿಗೆ ಬೀಗದ ತೂತು ಸಿಗುವುದಿಲ್ಲ.
ಒಳಗಿಂದ ಅದು ಬಾಗಿಲು ಕೆರೆಯುತ್ತದೆ,
ಹೊರಗಿಂದ ನಾನು.
ತೆರೆದದ್ದೇ, ಎದೆಯ ಮೇಲೆ ಎರಡು ಕಾಲು;
ಒಂದೊಂದೇ ಬೆರಳು ನೆಕ್ಕಿ ನೆಕ್ಕಿ
ನನಗೆ ವಾಪಸು ಕೊಡುತ್ತದೆ.

ಗೋಣಿಚೂರಲ್ಲಿ ಸುತ್ತಿ ಅದಕ್ಕೊಂದು ಐಸ್ ತುಂಡು ತಂದಿರುತ್ತೇನೆ.
ಅಷ್ಟು ದೂರ ಸೈಕಲ್ಲು, ಉಳಿಯುವುದು ಅಡಿಕೆಯಷ್ಟು.
ನೆಲದ ಮೇಲೆ ಜಾರಿಸಿಬಿಟ್ಟರೆ ಆಯಿತು:
ಐಸಿನ ಹಿಂದೆ ಬಳಚು,
ಬಳಚಿನ ಹಿಂದೆ ಚಾಪೆ,
ಚಾಪೆ ತಾಗಿ ಕೊಡ,
ಗೋಡೆಯಾಚೆ ರೊಜಾರಿನ್ ಬಾಯಿಯ ಬೈಗುಳ.
ಹಿಡಿಯುವಷ್ಟರಲ್ಲಿ ಬರೀ ಒದ್ದೆ.

ಒದ್ದೆಯನ್ನು ಮೂಸುತ್ತದೆ, ಗೋಣಿಚೂರನ್ನು ಮೂಸುತ್ತದೆ,
ಎಲ್ಲಿಟ್ಟೆ ಹೇಳು ಅನ್ನುವ ಹಾಗೆ
ಓರೆ ತಲೆಯಲ್ಲಿ ನನ್ನನ್ನೇ ನೋಡುತ್ತದೆ.
ನಾಳೆ ತರ್ತೆ, ಮಲಗು ಮಾರಾಯ್ತಿ.

ಮಲಗಿತು.
ತಲೆದಿಂಬಿಗೆ ನನ್ನ ಎಡ ಚಪ್ಪಲಿ.