ಬೆಕ್ಕಿಗೆ ಬಂದ ಗಂಟೆ

ತಾರ್ತು ಊರಿನ ಅನ್ನೆಲಿನ್ ಬಡಾವಣೆ,
ಲಿಫ್ಟಿಲ್ಲದ ಐದಂತಸ್ತಿನ ಕಟ್ಟಡ.
ನಾಲ್ಕರಲ್ಲಿ ನಾನು. ಐದರಲ್ಲಿ ವಿಲ್ವೆ ರೂಸಾರ್,
ಅವಳ ಬೂದು ಬೆಕ್ಕು.
ಹನ್ನೊಂದು ಚಳಿಗಾಲ ಮೆಟ್ಟಿಲಲ್ಲಿ ಎದುರಾಗಿದ್ದೇವೆ.
ಮಾತಾಡಿದ್ದು ಎರಡು ಸಲ.
ಒಂದು, ಅವಳ ನಲ್ಲಿ ಸೋರಿ ನನ್ನ ಸೂರು ಒದ್ದೆಯಾದಾಗ.
ಇನ್ನೊಂದು, ಈ ಗಂಟೆಯದು.

ಬಾಲ್ಕನಿಯಲ್ಲಿ ಅವಳು ತೂಗುಬಿಟ್ಟ ಕೊಬ್ಬಿನುಂಡೆಗೆ
ಹಳದಿ ಎದೆಯ ಪುಟ್ಟ ಹಕ್ಕಿಗಳು ಬರುತ್ತಿದ್ದವು,
ಬೆಕ್ಕು ಹಿಡಿಯುತ್ತಿತ್ತು.
ಕರೆದವಳೂ ತಾನೇ, ಕೊಲ್ಲಿಸಿದವಳೂ ತಾನೇ
ಎನ್ನುವ ಸಂಕಟಕ್ಕೆ ಒಂದು ರಾತ್ರಿ
ಕನ್ನಡಕ ಎಲ್ಲೋ, ಬೆರಳು ಎಲ್ಲೋ,
ಫೋನಿನಲ್ಲಿ ತರಿಸಿದಳು: ಹಿತ್ತಾಳೆ ಗಂಟೆ, ಹನ್ನೆರಡು.
ಹನ್ನೆರಡು ಮಿಲಿಮೀಟರ್ ಅಂದುಕೊಂಡಳು.
ಕಿಲೋ.
ದರದ ನಡುವೆ ಕಂಡ ಬಿಂದು
ಗಾಜಿಗಂಟಿದ ಕಪ್ಪು ರೊಟ್ಟಿಯ ಚೂರು.

ಸೂಪರ್‌ಮಾರ್ಕೆಟ್ಟಿನ ಮುಂದೆ ಪಾರ್ಸೆಲ್ ಕಪಾಟಿನಲ್ಲಿ
ಅತಿ ದೊಡ್ಡ ಬಾಗಿಲು ಪಟ್ಟನೆ ತೆರೆಯಿತಂತೆ.
ಎರಡನೇ ಮಹಡಿಯ ಊಕುವಿನ ಹಿಮಬಂಡಿ ಎರವಲು ತಂದು
ನಾವಿಬ್ಬರೂ ಎಳೆದೆವು. ಮೆಟ್ಟಿಲಲ್ಲಿ ನಾನೊಬ್ಬನೇ ಹೊತ್ತೆ.
ಬಿಚ್ಚಿದರೆ ಹಡಗಿನ ಗಂಟೆ.
ಸಮುದ್ರವೇ ಇಲ್ಲದ ಊರಿನಲ್ಲಿ, ಐದನೇ ಮಹಡಿಯಲ್ಲಿ.
ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಇಲಿಗಳು ಸಭೆ ಸೇರಿದ್ದುಂಟು;
ಗಂಟೆಗೇ ಬೆಕ್ಕನ್ನು ಕಟ್ಟಬೇಕಾದೀತು
ಎಂದು ಯಾವ ಇಲಿಗೂ ಹೊಳೆದಿರಲಿಲ್ಲ.

ನಾನು ಮೂವತ್ತು ವರ್ಷ ನೋಟರಿ ಕಚೇರಿಯ ಬೆರಳಚ್ಚುಗಾರ.
ಹೇಳಿದೆ: ಹದಿನಾಲ್ಕು ದಿನ ನಿಮ್ಮದು.
ನಾಳೆಯಿಂದ ಎಣಿಸಿ. ಕಾರಣ ಹೇಳಬೇಕಿಲ್ಲ.
"ಹೇಳಬೇಕಿಲ್ಲವೇ?"
ಇಲ್ಲ.
"ಪೆದ್ದಿ ಅಂತ ಬರೆದುಕೊಡಬೇಕಿಲ್ಲವೇ?"
ಇಲ್ಲ.
ಅವಳು ಕುರ್ಚಿಯಲ್ಲಿ ಕೂತಳು.
"ಆ ಕಾಲದಲ್ಲಿ, ಮೂರು ತಾಸು ಸಾಲಿನಲ್ಲಿ ನಿಂತು ತಂದ ಬೂಟು
ಎರಡೂ ಎಡಗಾಲಿನದು.
ಎರಡು ವರ್ಷ ಹಾಕಿಕೊಂಡು ನಡೆದೆ."

ಅಂಗಡಿಯಲ್ಲಿ ಎಷ್ಟು ಪರೀಕ್ಷಿಸಬಹುದೋ
ಮನೆಯಲ್ಲೂ ಅಷ್ಟು ಪರೀಕ್ಷಿಸಬಹುದು, ಅಂದೆ.
ಒಮ್ಮೆ ಬಾರಿಸಿದಳು.

ಒಂದನೇ ಮಹಡಿಯಿಂದ ಸೌಟು ಹಿಡಿದ ಗಂಡಸು,
ಮೂರರಿಂದ ತಲೆಗೆ ಟವೆಲ್ ಸುತ್ತಿದ ಹೆಂಗಸು,
ಯಾರ ಮನೆಯದೋ ನಾಯಿ.
ಈ ಕಟ್ಟಡದಲ್ಲಿ ಇಷ್ಟು ಜನ ಇದ್ದಾರೆಂದು
ನನಗೆ ಗೊತ್ತಾದದ್ದು ಆವತ್ತು.
ಯಾರೂ ಬೈಯಲಿಲ್ಲ. ಯಾರೂ ನಗಲೂ ಇಲ್ಲ,
ನಾವು ಅಂಥವರು.
ಬಾಗಿಲುಗಳು ಮಾತ್ರ ಕೊಂಚ ತಡವಾಗಿ ಮುಚ್ಚಿದವು.

ಒಂಬತ್ತನೇ ದಿನ ಊಕು ಬಂದ: ಇನ್ನೊಂದು ಸಲ?
ಆಗದಪ್ಪ, ಬೆಲೆ ಕಡಿದಾರು.
ಅಷ್ಟರಲ್ಲಿ ಬೆಕ್ಕು, ಬೋರಲು ತಿರುಗಿಸಿಟ್ಟ ಗಂಟೆಯೊಳಗೆ
ಮಲಗುವ ರೂಢಿ ಮಾಡಿಕೊಂಡಿತ್ತು.
ಅದು ಪರಿಶೀಲನೆಯೋ ಬಳಕೆಯೋ
ನನಗೆ ತಿಳಿಯದು. ಕೂದಲು ಒರೆಸಿದೆವು.

ಹದಿಮೂರನೇ ದಿನ ಅರ್ಜಿ ತುಂಬಿದೆವು.
ಹೆಸರು, ದಿನಾಂಕ, ಕಾರಣ (ಇಷ್ಟವಿದ್ದರೆ).
ಖಾಲಿ ಬಿಡಿ, ಅಂದೆ.
ಅವಳು ಬಹಳ ಹೊತ್ತು ನೋಡಿ ಬರೆದಳು:
ಬೆಕ್ಕು ಚಿಕ್ಕದು.
ವಾಪಸು ಕಳಿಸುವ ಖರ್ಚು ನಿಮ್ಮದೇ, ಅಂದೆ.
"ಸರಿ. ಬೆರಳು ನನ್ನದಲ್ಲವೇ."

ನಾಲಗೆಗೆ ಉಣ್ಣೆಯ ಕಾಲುಚೀಲ ತೊಡಿಸಿ,
ಪೆಟ್ಟಿಗೆಗೆ ಅಂಟುಪಟ್ಟಿ ಸುತ್ತಿ ಇಳಿಸಿದೆವು.
ಮೂರನೇ ಮಹಡಿಯ ತಿರುವಿನಲ್ಲಿ ಕಾಲುಚೀಲ ಜಾರಿತು.
ಆಮೇಲೆ ಮೆಟ್ಟಿಲಿಗೊಂದರಂತೆ
ಢಣ್,
ಢಣ್,
ನೆಲಮಾಳಿಗೆಯವರೆಗೂ.
ಇದನ್ನು ಯಾರು ಬಾರಿಸಿದ್ದು ಅಂತ ಕೇಳಿದರೆ
ಕಾನೂನಿನಲ್ಲಿ ಅದಕ್ಕೊಂದು ಕಲಮು ಇಲ್ಲ.
ಊಕು ಎಣಿಸುತ್ತಾ ಹಿಂದೆ ಇಳಿದ.

ದುಡ್ಡು ಹನ್ನೆರಡು ದಿನಕ್ಕೆ ಬಂತು. ಪೂರ್ತಿ.

ಕೊಬ್ಬಿನುಂಡೆ ಈಗ ನನ್ನ ಬಾಲ್ಕನಿಯಲ್ಲಿದೆ;
ಮೇಲಿನಿಂದ ಬೆಕ್ಕು ಕಂಬಿಗೆ ಮೂತಿ ಒತ್ತಿ ನೋಡುತ್ತದೆ.
ಉಂಡೆ ಮುಗಿದಾಗ ವಿಲ್ವೆ ಇಳಿದುಬಂದು
ಬಾಗಿಲ ಗುಂಡಿ ಒತ್ತುತ್ತಾಳೆ,
ಒಂದೇ ಸಲ,
ಪರೀಕ್ಷಿಸುವವಳ ಹಾಗೆ.