ಕೊನೇ ರೀಲು

ಬ್ರೂಸ್‌ಪೇಟೆಗೂ ಕೌಲ್‌ಬಜಾರಿಗೂ ಒಂದೇ ಪ್ರಿಂಟು.
ನಡುವೆ ನಾನು, ಬಾಡಿಗೆ ಸೈಕಲ್ಲು,
ಕ್ಯಾರಿಯರಿನ ಮೇಲೆ ತಗಡಿನ ಡಬ್ಬಿ,
ಡಬ್ಬಿಯೊಳಗೆ ಸುರುಳಿ ಸುತ್ತಿಕೊಂಡು
ಕೊಲೆಗಾರ.

ಫಸ್ಟ್ ಗೇಟು ಬಿತ್ತು.
ಅದಿರಿನ ಗೂಡ್ಸು. ನಲವತ್ತೊಂದು ಬೋಗಿ ಎಣಿಸಿದೆ,
ಇನ್ನೂ ಬರುತ್ತಲೇ ಇತ್ತು.
ಅಲ್ಲಿ ಪರದೆಯ ಮೇಲೆ ಆಕೆ ಮೆಟ್ಟಿಲು ಹತ್ತಿರಬೇಕು,
ಬಾಗಿಲ ಸಂದಿಯ ಬೆಳಕಲ್ಲಿ ಎರಡು ಬೂಟು,
ಆಮೇಲೆ ಬರೀ ಬಿಳಿ ಬಟ್ಟೆ, ಸಿಳ್ಳೆ,
ಆಪರೇಟರ್ ಮೌಲಾಸಾಬರ ಬೈಗುಳ.
ಇಷ್ಟು ಹೊತ್ತು ಕಾಯಿಸಲು
ಆ ಮಹಾ ಡೈರೆಕ್ಟರನಿಗೂ ಎದೆಯಿರಲಿಲ್ಲ.

ಸೊಂಟಕ್ಕೆ ಬಿಸಿ ತಗಡು;
ಬೆವರೋ, ಯಾರದೋ ಉಸಿರೋ.

ತಲುಪಿಸಿದೆ.
ಇಡೀ ಟಾಕೀಸು ಒಮ್ಮೆಗೇ ಉಸಿರೆಳೆದದ್ದು ಗೋಡೆಯಾಚೆ ಕೇಳಿತು,
ಅಷ್ಟರಲ್ಲಿ ಮೊದಲ ರೀಲು ಹೊತ್ತು ವಾಪಸ್ ಹೊರಟಿದ್ದೆ.

ಯಾರೆಂದು ಇವತ್ತಿಗೂ ಕೇಳಿಲ್ಲ.
ಗೇಟು ಬಿದ್ದಾಗ ಮಾತ್ರ
ಹಿಂದೆ ನಿಂತವನ ಬೂಟು ನೋಡುತ್ತೇನೆ.