ಸಾಕ್ಷಿಗೆ ಒಂದು ಬಂಗಡೆ

ಮಾನಿಟರ್ ಕೊಳ್ಳಲು ಹೊರಟವರು
ಕೈಯಲ್ಲಿ ಮೀನು ಹಿಡಿದು ಹೋದದ್ದುಂಟೆ?
ನಾನು ಹೋದೆ.

ಬೆಳಿಗ್ಗೆ ಆರೂಕಾಲಕ್ಕೆ ಬೈತಖೋಲದ ಧಕ್ಕೆಯಲ್ಲಿ
ಬುಟ್ಟಿ ಇಳಿಯುತ್ತಿದ್ದಂತೆ ಒಂದು ಬಂಗಡೆಯ ಫೋಟೋ ಹೊಡೆದು
ಅದೇ ಬಂಗಡೆಯನ್ನು ಕೊಂಡು
ಐಸಿನ ಚೂರುಗಳ ಜೊತೆ ಸ್ಟೀಲಿನ ಡಬ್ಬಿಯಲ್ಲಿ ಮುಚ್ಚಿ
ಅಂಗಡಿ ಬಾಗಿಲು ತೆಗೆಯುವ ತನಕ ಕಾದೆ.
ಪೆನ್ ಡ್ರೈವಿನಲ್ಲಿ ಒಂದು ಮೀನು,
ಡಬ್ಬಿಯಲ್ಲಿ ಒಂದು.

ಹಳೆಯದರ ಕಥೆ ಹೇಳಿಬಿಡುತ್ತೇನೆ.
ಒಂಬತ್ತು ವರ್ಷ ದುಡಿದ ಪರದೆ.
ಕಡಲ ಗಾಳಿ ಅದರೊಳಗೂ ಹೊಕ್ಕಿತೋ ಏನೋ,
ಎಡಮೂಲೆ ಹಳದಿ, ನಡುವೆ ಮಬ್ಬು,
ಮದುಮಗನ ಕೋಟು, ಕೂದಲು, ಬೆನ್ನ ಹಿಂದಿನ ಕತ್ತಲು
ಎಲ್ಲ ಕಲಸಿ ಒಂದೇ ಕಪ್ಪು.
ಕಂಡ ಕತ್ತಲಿಗೆಲ್ಲ ನಾನು ಬೆಳಕು ಸುರಿಯುತ್ತಿದ್ದೆ,
ಕಾಗದದ ಮೇಲೆ ಅದು ಬೇರೆಯೇ ಆಗಿ ಬರುತ್ತಿತ್ತು.

ಶೆವಂತಿ ಹರಿಕಂತ್ರ ಆಲ್ಬಮ್ಮನ್ನು
ಕೌಂಟರಿನ ಮೇಲೆ ತೆರೆದಿಟ್ಟು ಕೇಳಿದ್ದಳು:
"ಈ ಹುಡುಗಿ ಯಾರು?"
"ನಿಮ್ಮ ಮಗಳೇ."
"ನನ್ನ ಸುಲಭಾ ಸೀಗಡಿ ಒಣಗಿಸಿದ ಅಂಗಳದಲ್ಲಿ ಬೆಳೆದವಳು.
ಇದು ಯಾರೋ ಸುಣ್ಣ ಬಳಿದ ಗೊಂಬೆ."
ದುಡ್ಡು ಕೊಟ್ಟಳು, ಪೂರ್ತಿ. ಅದೇ ಚುಚ್ಚಿದ್ದು.
ಮಾನಿಟರ್ ಹಾಳಾಗಿದೆ ಅಂದೆ.
ಆಕೆ ಮಾನಿಟರ್ ಕಡೆ ತಿರುಗಲಿಲ್ಲ,
ನನ್ನ ಬೆರಳುಗಳನ್ನು ನೋಡಿದಳು.

ಗ್ರೀನ್ ಸ್ಟ್ರೀಟಿನ ಅಂಗಡಿಯಲ್ಲಿ ಸಾಲಾಗಿ ನಿಂತ ಪರದೆಗಳು,
ಎಲ್ಲದರಲ್ಲೂ ಒಂದೇ ಗಿಳಿ, ಯಾವ ಕಾಡಿನದೋ.
ಮಾಜಾಳಿಕರರ ಹುಡುಗ ಬಾಯಿಪಾಠ ಒಪ್ಪಿಸಿದ:
ಇದು ಗೇಮಿಂಗಿಗೆ, ಭಾರೀ ವೇಗ. ಇದು ಬಾಗಿದ್ದು, ಈಗ ಇದೇ ಫ್ಯಾಷನ್.
ಇದು ಮೂವತ್ತೆರಡು ಇಂಚು, ಕ್ರಿಕೆಟ್ಟಿಗೂ ಆಯಿತು.
ನಾನು ಡಬ್ಬಿ ತೆರೆದೆ.
ಎಸಿಯ ತಂಪಿನ ತುಂಬ ಧಕ್ಕೆಯ ವಾಸನೆ.
ಹುಡುಗ ಮೂಗು ಮುಚ್ಚಲಿಲ್ಲ, ಅವನೂ ಈ ಊರಿನವನೇ.

ಮೊದಲನೆಯದರಲ್ಲಿ ಬಂಗಡೆ ನವಿಲಾಯಿತು.
ಎರಡನೆಯದು ಹಾಲು ಕಲಸಿದ ನೀಲಿ,
ಕತ್ತು ಒಂದಿಷ್ಟು ಓರೆ ಮಾಡಿದರೆ ಬಣ್ಣವೇ ಜಾರಿ ಹೋಗುತ್ತಿತ್ತು.
ಮೂರನೆಯದರ ಹೊಳಪಿನಲ್ಲಿ ಮೀನಿಗಿಂತ
ಟ್ಯೂಬ್‌ಲೈಟೂ ನನ್ನ ಕನ್ನಡಕವೂ ಚೆನ್ನಾಗಿ ಕಂಡವು.
ನಾಲ್ಕನೆಯದು ಮೂಲೆಯಲ್ಲಿತ್ತು, ಹೊಳೆಯದ ಮೈ,
ಇಪ್ಪತ್ತೇಳು ಇಂಚು, ಯಾರೂ ಕೇಳದ್ದು.
ಅದರಲ್ಲಿ ಬೆನ್ನಿನ ಹಸಿರು ಹಸಿರಾಗಿಯೇ ನಿಂತು
ಶಾಯಿ ಎಳೆದಂಥ ಗೆರೆಗಳು ಒಂದೊಂದೂ ಬಿಡಿಬಿಡಿ,
ಹೊಟ್ಟೆಯ ಬೆಳ್ಳಿಯೊಳಗೆ ಎಲ್ಲೋ ಒಂದೆಳೆ ಗುಲಾಬಿ.

"ಯಾವುದೂ ಹೋಲುವುದಿಲ್ಲವಲ್ಲ," ಅಂದ ಹುಡುಗ
ಡಬ್ಬಿಗೆ ಬಗ್ಗಿ.
ನೋಡಿದರೆ ಹೌದು.
ನಾಲ್ಕು ಗಂಟೆಯಲ್ಲಿ ಬಂಗಡೆ ಬೂದಿ ಬಣ್ಣಕ್ಕೆ ಇಳಿದಿತ್ತು,
ಕಣ್ಣಿಗೆ ಪೊರೆ.
ನಾನೇ ಕರೆತಂದ ಸಾಕ್ಷಿ
ತಿರುಗಿಬಿದ್ದಿತ್ತು.

ಬಾಗಿಲಾಚೆ ಬಿಸಿಲಿಗೆ ಎಡಗೈ ಚಾಚಿ ಫೋಟೋ ತೆಗೆದೆ.
ಕೈಗೇನು, ಊಟದ ಹೊತ್ತಿಗೆ ಬಣ್ಣ ಬಿಡುವುದಿಲ್ಲ.
ಗಡಿಯಾರದ ಪಟ್ಟಿ ಕಟ್ಟಿದಲ್ಲಿ ಬಿಳಿಚಿಕೊಂಡ ಚರ್ಮ,
ಅದರ ಆಚೀಚೆ ಹುಣಸೆಹಣ್ಣಿನ ಕಂದು,
ಉಗುರಂಚಿಗೆ ನಿನ್ನೆಯ ಅರಿಶಿನ.
ಪರದೆಯ ಮೇಲೊಂದು ಕೈ, ಪಕ್ಕದಲ್ಲೊಂದು ಕೈ.
ನಾಲ್ಕನೆಯದು ಸುಳ್ಳು ಹೇಳಲಿಲ್ಲ.
ಹನ್ನೆರಡು ಕಂತು.
ಮೀನಿನ ವಾಸನೆಗೆ ರಿಯಾಯಿತಿ ಇಲ್ಲ ಎಂದು ನಕ್ಕ ಹುಡುಗ.

ರಾತ್ರಿ ಸುಲಭಾಳ ಫೈಲು ತೆರೆದೆ.
ಮೊಣಕೈಯ ಕಪ್ಪು, ಹಣೆಯ ಬೆವರು,
ಕೆಂಪು ಸೀರೆಯ ಅಂಚಿನಲ್ಲಿ ಒಂದಿಷ್ಟು ಮರಳು.
ಮುಖ ಕಡೆದಿಟ್ಟ ತಾಮ್ರ.
ಮಾಡಲು ಏನೂ ಉಳಿದಿರಲಿಲ್ಲ.
ಆದರೂ ತೋರುಬೆರಳು
ಯಾರೂ ಹೇಳದೆ, ತಾನಾಗಿ,
ಬೆಳ್ಳಗೆ ಮಾಡುವ ಆ ಗುಂಡಿಯ ಕಡೆಗೆ
ಮೌಸ್ ತಳ್ಳುತ್ತಿತ್ತು.

ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ.
ಹಿತ್ತಿಲಲ್ಲಿ ಬೆಕ್ಕು ಡಬ್ಬಿ ಉರುಳಿಸಿದ ಸದ್ದು.
ಇದ್ದದ್ದು ಇದ್ದ ಹಾಗೆ ಒಂದು ಪ್ರಿಂಟ್ ತೆಗೆದು
ಒಣಗಲು ಬಿಟ್ಟೆ.
ನಾಳೆ ಧಕ್ಕೆಗೆ ಹೋಗಬೇಕು, ಆರೂಕಾಲಕ್ಕಲ್ಲ,
ಬಿಸಿಲು ಚೆನ್ನಾಗಿ ಏರಿದ ಮೇಲೆ.